ಅತ್ತೆಯನ್ನು ಅತ್ತೆ ಎಂದೇ ಕರೆಯೋಣ

(ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ವರದಕ್ಷಿಣೆ ಕಾಯಿದೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಅದಕ್ಕೆ ಬೇಕಾದ ಕಾಗದಗಳನ್ನೆಲ್ಲ ಚೀಲದಲ್ಲಿ ತಂದಿದ್ದೇನೆ. ಆದರೆ ಸಭೆ ಶುರುವಾಗುವ ಮೊದಲು, ನೀವು ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆಯುತ್ತಿದ್ದ ಹೊತ್ತಿನಲ್ಲಿ, ಮದುವೆಯಾಗಿ ಮೂರು ತಿಂಗಳಾದ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು: "ಮೇಡಂ, ನಮ್ಮತ್ತೇನ ಏನಂತ ಕರೀಲಿ? ಅವರು ಅಮ್ಮ ಅನ್ನು ಅಂತಾರೆ. ನಂಗೆ ಬಾಯಿಗೇ ಬರಲ್ಲ." ಅಕ್ಕಪಕ್ಕದವರು ನಕ್ಕರು. "ಅಮ್ಮ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು ಒಬ್ಬರು.

ನಾನು ನಗಲಿಲ್ಲ. ಗಂಟು ಹೋಗುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಕಾಯಿದೆಯ ಮಾತನ್ನು ಆಮೇಲೆ ಆಡುತ್ತೇನೆ. ಮೊದಲು ಈ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅದಕ್ಕಾಗಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಇದು 1990ರ ದಶಕದ ಮಾತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಎರಡನೇ ವರ್ಷದ ಬಿ.ಎ. ತರಗತಿಯಲ್ಲಿ ಚುರುಕಾದ ಒಬ್ಬ ಹುಡುಗಿ ಇದ್ದಳು. ವರ್ಷದ ನಡುವೆ ಮದುವೆಯಾಯಿತು. ಓದಿಸುತ್ತೇವೆ ಎಂದು ಗಂಡಿನ ಮನೆಯವರು ಮಾತು ಕೊಟ್ಟಿದ್ದರಂತೆ. ಹಾಗಾಗಿ ಮದುವೆಯ ನಂತರವೂ ಕೆಲವು ದಿನ ಬಂದಳು. ಒಂದು ಮಧ್ಯಾಹ್ನ ಉಪನ್ಯಾಸಕರ ಕೊಠಡಿಯ ಬಾಗಿಲಲ್ಲಿ ನಿಂತು, "ಮೇಡಂ, ಅಮ್ಮ ಹೊಡೀತಾರೆ" ಎಂದಳು. ನನ್ನ ಮುಂದೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ರಾಶಿ ಇತ್ತು. ತಲೆಯೆತ್ತಿ ನೋಡಿ, "ತಾಯಿ ಒಂದೇಟು ಹೊಡೆದರೆ ಇಷ್ಟು ಬೇಜಾರು ಮಾಡ್ಕೋತಾರೇನಮ್ಮ? ಕೂತು ಮಾತಾಡು, ಸರಿಹೋಗುತ್ತೆ" ಎಂದೆ. ಅವಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಸರಿ ಮೇಡಂ" ಎಂದು ಹೋದಳು. ಮಾರನೆಯ ವಾರದಿಂದ ಕಾಲೇಜಿಗೆ ಬರಲಿಲ್ಲ.

ಎರಡು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಮುರಿದ ಮೂಳೆಗೆ ಸರಿಯಾಗಿ ಕಟ್ಟು ಹಾಕಿಸಿರಲಿಲ್ಲ. ಮದುವೆಯಲ್ಲಿ ಕೊಡುತ್ತೇವೆಂದ ಹಣದಲ್ಲಿ 15,000 ರೂಪಾಯಿ ಬಾಕಿ ಉಳಿದಿತ್ತು. ಆ ಬಾಕಿಗಾಗಿ ಅತ್ತೆ ಹೊಡೆಯುತ್ತಿದ್ದರು, ಗಂಡ ನೋಡುತ್ತಿದ್ದ. "ಅವತ್ತು ನಿಮಗೆ ಅದನ್ನೇ ಹೇಳೋಕೆ ಬಂದಿದ್ದೆ ಮೇಡಂ" ಎಂದಳು. "ಅಮ್ಮ ಅಂದೆಯಲ್ಲೇ" ಎಂದೆ. "ಮದುವೆ ದಿನಾನೇ ಹೇಳಿಬಿಟ್ಟಿದ್ರು, ಅಮ್ಮ ಅಂತಾನೇ ಕರೀಬೇಕು ಅಂತ. ಒಂದ್ಸಲ ಬಾಯಿತಪ್ಪಿ ಅತ್ತೆ ಅಂದಿದ್ದಕ್ಕೆ, ನಮ್ಮನ್ನ ಹೊರಗಿನವರು ಅಂದ್ಕೊಂಡಿದೀಯಾ ಅಂತ ಎರಡು ದಿನ ಮಾತೇ ಆಡಿಸಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗಿಹೋಯ್ತು."

ಅಂದಿನಿಂದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ನಮ್ಮ ಕಡೆಯ ಹಳ್ಳಿ ಹೆಣ್ಣುಮಕ್ಕಳು ಹೆತ್ತ ತಾಯಿಗೆ ಬಹುವಚನ ಬಳಸುವುದಿಲ್ಲ. "ನಮ್ಮಮ್ಮ ಬೈತಾಳೆ, ನಮ್ಮಮ್ಮ ಹೊಡೀತಾಳೆ" ಎನ್ನುತ್ತಾರೆ. ಈ ಹುಡುಗಿ "ಹೊಡೀತಾರೆ" ಎಂದಿದ್ದಳು. ತಾಯಿಯಲ್ಲ, ಬೇರೆಯವರು ಎಂಬ ಸುಳಿವು ಆ ಒಂದು ಅಕ್ಷರದಲ್ಲೇ ಇತ್ತು. ಏಕವಚನ, ಬಹುವಚನ ಕಲಿಸುವುದೇ ಉದ್ಯೋಗವಾಗಿದ್ದ ನನ್ನ ಕಿವಿಗೆ ಅದು ಬೀಳಲಿಲ್ಲ. ಆಕೆ ಬದುಕಿದ್ದಾಳೆ, ತವರಿಗೆ ಮರಳಿ ಹೊಲಿಗೆ ಯಂತ್ರ ಹಾಕಿಕೊಂಡು ಮಗನನ್ನು ಓದಿಸಿದಳು. ಅದು ಅವಳ ಗಟ್ಟಿತನ. ನನ್ನ ತಪ್ಪು ನನ್ನ ಹತ್ತಿರವೇ ಉಳಿದಿದೆ.

ಈಗ ನಮ್ಮ ಮಾತನ್ನು ಸ್ವಲ್ಪ ನೋಡೋಣ. ಮದುವೆಯಿಂದ ಬರುವ ನೆಂಟಸ್ತಿಕೆಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ ಎಣಿಸಿ: ಅತ್ತೆ, ಮಾವ, ಅತ್ತಿಗೆ, ನಾದಿನಿ, ಭಾವ, ಮೈದುನ, ಅಳಿಯ, ಸೊಸೆ, ಓರಗಿತ್ತಿ, ಷಡ್ಡಕ, ಬೀಗರು. ಉತ್ತರ ಕರ್ನಾಟಕದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ, ಓರಗಿತ್ತಿಯನ್ನು ನೆಗೆಣ್ಣಿ ಎನ್ನುತ್ತಾರೆ. ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಆದರೆ ಈ ಹೆಸರುಗಳಲ್ಲಿ ಒಂದು ಗುಣವಿದೆ. ಹೆಂಡತಿಗೆ ಗಂಡನ ತಾಯಿ ಅತ್ತೆ, ಗಂಡನಿಗೆ ಹೆಂಡತಿಯ ತಾಯಿಯೂ ಅತ್ತೆ. ಗಂಡನ ಅಣ್ಣ ಭಾವ, ಹೆಂಡತಿಯ ಅಣ್ಣನೂ ಭಾವ. ಗಂಡನ ತಮ್ಮ ಮೈದುನ, ಹೆಂಡತಿಯ ತಮ್ಮನೂ ಮೈದುನ. ಹೆಣ್ಣು ಹೆತ್ತವರಿಗೆ ಗಂಡು ಹೆತ್ತವರು ಬೀಗರು, ಗಂಡು ಹೆತ್ತವರಿಗೆ ಹೆಣ್ಣು ಹೆತ್ತವರೂ ಬೀಗರೇ. ಓರಗಿತ್ತಿ ಎಂಬ ಮಾತಿನಲ್ಲಿರುವ 'ಓರಗೆ' ಎಂದರೆ ಸಮಾನ, ಜೊತೆಯವರು ಎಂದು ಅರ್ಥ. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು ಸಮಾನರು ಎಂದು ಆ ಪದವೇ ಹೇಳುತ್ತದೆ.

ಹಿಂದಿಯಲ್ಲಿ ಹೀಗಿಲ್ಲ. ಅಲ್ಲಿ ಗಂಡನ ಅಣ್ಣನಿಗೊಂದು ಹೆಸರು, ತಮ್ಮನಿಗೊಂದು ಹೆಸರು, ಹೆಂಡತಿಯ ಸೋದರನಿಗೆ ಬೇರೆಯೇ ಹೆಸರು. ಅದು 'ಸಾಲಾ'. ಹೆಂಡತಿಯ ಸೋದರನ ಆ ಹೆಸರೇ ಅಲ್ಲಿ ಬೈಗುಳವೂ ಆಗಿದೆ. ಹೆಣ್ಣು ಕೊಟ್ಟ ಮನೆಯನ್ನು ಯಾವ ಎತ್ತರದಲ್ಲಿ ನಿಂತು ನೋಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ 'ಭಾವ', 'ಮೈದುನ' ಬೈಗುಳವಾಗಲಿಲ್ಲ.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕ ಸಮುದಾಯಗಳಲ್ಲಿ ಸೋದರತ್ತೆಯ ಮಗನಿಗೋ ಸೋದರಮಾವನ ಮಗನಿಗೋ ಹೆಣ್ಣು ಕೊಡುವ ಸಂಪ್ರದಾಯ ಬಹಳ ಹಿಂದಿನಿಂದ ಇದೆ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಸೋದರಳಿಯ ಮಗಳನ್ನು ಮದುವೆಯಾದರೆ ಅಳಿಯನೇ ಅಳಿಯ. ಉತ್ತರದಲ್ಲಿ ಮದುಮಗಳು ಅಪರಿಚಿತರ ನಡುವೆ ಹೋಗಿ ಸೇರುತ್ತಾಳೆ, ದಕ್ಷಿಣದಲ್ಲಿ ಗೊತ್ತಿರುವವರ ನಡುವೆಯೇ ಇರುತ್ತಾಳೆ ಎಂಬ ಈ ವ್ಯತ್ಯಾಸವನ್ನು ಇರಾವತಿ ಕರ್ವೆ ಅವರು 1953ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಸೋದರಮಾವನಿಗೇ ಕೊಟ್ಟ ಹುಡುಗಿಗೆ ಹೊಡೆತ ಬಿದ್ದರೆ ಅವಳು ಯಾರಿಗೆ ಹೇಳಬೇಕು? ಅತ್ತೆಯೇ ಅಜ್ಜಿ, ಗಂಡನೇ ತಾಯಿಯ ತಮ್ಮ. "ನನ್ನ ತಮ್ಮನ ಮೇಲೇ ದೂರು ಹೇಳ್ತೀಯಾ?" ಎಂದು ಹೆತ್ತ ತಾಯಿಯೇ ಬಾಯಿ ಮುಚ್ಚಿಸುತ್ತಾಳೆ. ನೆಂಟಸ್ತಿಕೆ ಹತ್ತಿರವಾದಷ್ಟೂ ಹಿಂಸೆ ಗೋಡೆಯೊಳಗೇ ಉಳಿಯುತ್ತದೆ. ನಾನು ಹೇಳುವುದು ಇಷ್ಟೇ: ನಮ್ಮ ಮಾತಿನ ತಕ್ಕಡಿ ಎರಡು ಕಡೆಗೂ ಸಮನಾಗಿಯೇ ಇತ್ತು. ಅದನ್ನು ಒಂದು ಕಡೆಗೆ ವಾಲಿಸಿದ್ದು ಬೇರೆ ಸಂಗತಿ.

ಆ ಸಂಗತಿಯಲ್ಲಿ ಹಣದ ಪಾಲು ದೊಡ್ಡದು. ದಕ್ಷಿಣದ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಯವರಿಗೆ 'ತೆರ' ಕೊಡುತ್ತಿದ್ದರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ವರದಕ್ಷಿಣೆ ಕುರಿತ ತಮ್ಮ ಉಪನ್ಯಾಸದಲ್ಲಿ (ಇದು 1984ರಲ್ಲಿ ಪ್ರಕಟವಾಯಿತು) ತೆರದ ಜಾಗಕ್ಕೆ ವರದಕ್ಷಿಣೆ ಬಂದದ್ದನ್ನು ಚರ್ಚಿಸಿದ್ದಾರೆ. ಹಣ ಹರಿಯುವ ದಿಕ್ಕು ಬದಲಾಯಿತು. ಜೊತೆಗೇ ಗೌರವ ಹರಿಯುವ ದಿಕ್ಕೂ ಒಂದೇ ಕಡೆಗಾಯಿತು. ಬೀಗರು ಎಂಬ ಸಮಾನ ಹೆಸರು ಹಿಂದೆ ಸರಿದು, 'ಗಂಡಿನ ಕಡೆಯವರು', 'ಹೆಣ್ಣಿನ ಕಡೆಯವರು' ಎಂಬ ಮಾತು ಮುಂದೆ ಬಂತು. ಒಬ್ಬರು ಕೂರುವವರು, ಇನ್ನೊಬ್ಬರು ನಿಲ್ಲುವವರು.

ನಿಮ್ಮ ನಿಮ್ಮ ಮನೆಗಳಲ್ಲಿ ಗಮನಿಸಿ. ಅರವತ್ತು ವರ್ಷದ ಮಾವ ಇಪ್ಪತ್ತೈದು ವರ್ಷದ ಅಳಿಯನಿಗೆ "ನೀವು ಬನ್ನಿ, ನೀವು ಕೂತ್ಕೊಳ್ಳಿ" ಎನ್ನುತ್ತಾರೆ. ಅದೇ ಮನುಷ್ಯನ ಮಗಳಿಗೆ ಆ ಮನೆಯ ಚಿಕ್ಕ ಮಕ್ಕಳೂ "ಏ, ನೀರು ಕೊಡು" ಎನ್ನುತ್ತಾರೆ. ಅವಳು ಹತ್ತನೇ ತರಗತಿ ಓದುವ ಮೈದುನನಿಗೂ "ಅವರು ಊಟ ಮಾಡಿದರು" ಎನ್ನಬೇಕು. ಅವಳ ಅಣ್ಣ ಬಂದರೆ "ನಿಮ್ಮಣ್ಣ ಬಂದಿದಾನೆ ನೋಡು" ಎಂಬ ಮಾತು ಕೇಳಬೇಕು. ಹೆಸರು ಸಮನಾಗಿಯೇ ಇದೆ, ಇವನೂ ಭಾವನೇ. ಆದರೆ ಕ್ರಿಯಾಪದ ಬದಲಾಗಿದೆ. ನಮ್ಮ ಭಾಷೆಯಲ್ಲಿ ಅಧಿಕಾರ ಕೂತಿರುವುದು ಹೆಸರಿನಲ್ಲಲ್ಲ, ವಾಕ್ಯದ ಬಾಲದಲ್ಲಿ.

ಹೆಣ್ಣಿನ ಹೆಸರಿನ ಗತಿಯನ್ನೂ ನೋಡಿ. ಕೆಲವು ಸಮುದಾಯಗಳಲ್ಲಿ ಗಂಡನ ಮನೆಗೆ ಬಂದ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾರೆ, ಇಪ್ಪತ್ತು ವರ್ಷ ಹೊತ್ತ ಹೆಸರು ಅಲ್ಲಿಗೆ ಮುಗಿಯಿತು. ಮಿಕ್ಕ ಕಡೆ ಅವಳು 'ಇಂಥವರ ಸೊಸೆ', 'ಇಂಥವನ ಹೆಂಡತಿ', ಆಮೇಲೆ 'ಇಂಥವನ ತಾಯಿ'. ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951-52ರಲ್ಲಿ. ಆಗ ಪಟ್ಟಿ ಬರೆಯಲು ಬಂದವರ ಮುಂದೆ ಲಕ್ಷಾಂತರ ಹೆಂಗಸರು ತಮ್ಮ ಸ್ವಂತ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಹಾಗೆ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಲಾಯಿತು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ನೆಂಟಸ್ತಿಕೆಯ ಹೆಸರಿನೊಳಗೆ ಸ್ವಂತ ಹೆಸರು ಮುಳುಗಿದರೆ ಮತವೂ ಮುಳುಗುತ್ತದೆ. ನಿಮ್ಮ ಸಂಘದ ಪುಸ್ತಕದಲ್ಲಿ ನಿಮ್ಮ ನಿಮ್ಮ ಹೆಸರಿನಲ್ಲೇ ಲೆಕ್ಕವಿದೆಯಲ್ಲ, ಅದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ.

ಈಗ 'ಅಮ್ಮ' ಎನ್ನುವ ಮಾತಿಗೆ ಬರೋಣ. ಹೆಣ್ಣು ನೋಡಲು ಬಂದವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: "ನಮಗೇನೂ ಬೇಡ, ನಿಮ್ಮ ಮಗಳನ್ನ ನಮ್ಮ ಮಗಳ ಹಾಗೇ ನೋಡ್ಕೋತೀವಿ." ಕೇಳಲು ಹಿತವಾಗಿರುತ್ತದೆ. ಇದನ್ನು ಮನಸಾರೆ ಹೇಳುವವರೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಎಷ್ಟೋ ಮನೆಗಳಲ್ಲಿ ಈ ಮಾತಿನ ಅರ್ಥ ಬೇರೆ. ಮಗಳ ಹಾಗೆ ಎಂದರೆ, ಮಗಳಿಗೆ ಸಂಬಳವಿಲ್ಲ, ರಜೆಯಿಲ್ಲ, ಲೆಕ್ಕ ಕೇಳುವ ಹಾಗಿಲ್ಲ. ಮಗಳ ಒಡವೆ ಬೀರುವಿನ ಬೀಗದ ಕೈ ಅಮ್ಮನ ಸೊಂಟದಲ್ಲಿರುತ್ತದೆ. ಅಮ್ಮ ಹೊಡೆದರೆ ದೂರು ಕೊಡುವುದುಂಟೇ? ಆದರೆ ಮಗಳಿಗಿರುವ ಮಿಕ್ಕ ಸಲುಗೆ ಸೊಸೆಗಿಲ್ಲ. ಮಗಳು ಬೆಳಿಗ್ಗೆ ಏಳಕ್ಕೆ ಏಳಬಹುದು, ಎದುರು ಮಾತಾಡಬಹುದು, "ನಂಗೆ ಹಸಿವು" ಎಂದು ಮೊದಲು ಊಟ ಮಾಡಬಹುದು. ಸೊಸೆ ಇದರಲ್ಲಿ ಒಂದನ್ನು ಮಾಡಿದರೂ "ತಾಯಿ ಇದೇ ಕಲಿಸಿದ್ದಾ?" ಎಂಬ ಪ್ರಶ್ನೆ ಬರುತ್ತದೆ. ಆಗ ನೆನಪಾಗುತ್ತಾಳೆ ಹೆತ್ತ ತಾಯಿ, ಅದೂ ಬೈಸಿಕೊಳ್ಳಲಿಕ್ಕೆ.

ಇನ್ನೊಂದು ಕಡೆ ನಮ್ಮವರೇ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎನ್ನುತ್ತಾರೆ. "ಇನ್ನು ಮೇಲೆ ಅವರೇ ನಿನ್ನ ತಂದೆತಾಯಿ" ಎಂದು ಕಣ್ಣೊರೆಸಿ ಕಳಿಸುತ್ತಾರೆ. ಅಲ್ಲಿ ಮಗಳ ಹಾಗೆ, ಇಲ್ಲಿ ಕುಲಕ್ಕೆ ಹೊರಗೆ. ನಡುವೆ ಆ ಹುಡುಗಿ ನಿಜವಾಗಿ ಯಾರ ಮಗಳೂ ಆಗಿ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿನಿಯ ತಾಯಿಗೆ ಮಗಳ ಕೈ ಮುರಿದ ವಿಷಯ ತಿಳಿದದ್ದು ಐದು ತಿಂಗಳಾದ ಮೇಲೆ.

ಆದ್ದರಿಂದ ನನ್ನ ಮಾತು ಇದು. ಸೊಸೆಯನ್ನು ಮಗಳು ಎನ್ನಬೇಕಾಗಿಲ್ಲ. ಸೊಸೆ ಎನ್ನಿ, ಸೊಸೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ. ಅತ್ತೆಯನ್ನು ಅಮ್ಮ ಎನ್ನಲೇಬೇಕಾಗಿಲ್ಲ. ಅತ್ತೆ ಎನ್ನುವುದು ಕೆಟ್ಟ ಮಾತಲ್ಲ. ಅಪ್ಪನ ತಂಗಿಯನ್ನು, ಹಬ್ಬಕ್ಕೆ ಬಂದು ನಮ್ಮ ಜಡೆ ಹೆಣೆದು ಹೂ ಮುಡಿಸುತ್ತಿದ್ದವಳನ್ನು ನಾವು ಕರೆಯುತ್ತಿದ್ದದ್ದು ಇದೇ ಹೆಸರಿನಿಂದ. ಸಿನಿಮಾ, ಧಾರಾವಾಹಿಗಳು ಈ ಹೆಸರಿಗೆ ಹಲ್ಲು ಉಗುರು ಬೆಳೆಸಿದವು. ನನ್ನ ಮಗನ ಮದುವೆಯಾದಾಗ ಸೊಸೆ ಇದೇ ಪ್ರಶ್ನೆ ಕೇಳಿದಳು. "ಅತ್ತೆ ಅನ್ನು ಸಾಕು. ನಿಮ್ಮಮ್ಮನ ಜಾಗ ನಿಮ್ಮಮ್ಮನಿಗೇ ಇರಲಿ" ಎಂದೆ. ಅವಳ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ನಮ್ಮ ನಡುವೆ ಜಗಳವಾಗಿಲ್ಲ ಎಂದಲ್ಲ. ಅತ್ತೆ ಸೊಸೆಯರಾಗಿ ಜಗಳವಾಡಿದ್ದೇವೆ, ಅತ್ತೆ ಸೊಸೆಯರಾಗಿಯೇ ಸರಿಹೋಗಿದ್ದೇವೆ. ಯಾರಿಗಾದರೂ ತಾನಾಗಿ ಅಮ್ಮ ಎಂಬ ಮಾತು ಬಾಯಿಗೆ ಬಂದರೆ ಬರಲಿ. ಅದು ಹುಟ್ಟಬೇಕಾದ ಮಾತು, ಮಾಡಿಸಬೇಕಾದ ಮಾತಲ್ಲ.

ಇನ್ನು ಕಾಯಿದೆ. ಚೀಲದಲ್ಲಿ ತಂದ ಕಾಗದಗಳೂ ಇದನ್ನೇ ಹೇಳುತ್ತವೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹಿಂಸೆ ಎಂದರೆ ಹೊಡೆತ ಮಾತ್ರವಲ್ಲ ಎನ್ನುತ್ತದೆ ಅದು. ಅವಮಾನ ಮಾಡುವುದು, ಹೀನ ಹೆಸರಿನಿಂದ ಕರೆಯುವುದು, ಮಕ್ಕಳಾಗಿಲ್ಲ ಅಥವಾ ಗಂಡುಮಗು ಆಗಿಲ್ಲ ಎಂದು ಹಂಗಿಸುವುದು ಕೂಡ ಅದರ ಪ್ರಕಾರ ಹಿಂಸೆಯೇ. 'ಬಂಜೆ' ಎಂದು ಕರೆಯುವುದು ಬಾಯಿಮಾತಲ್ಲ, ಕಾನೂನಿನ ಕಣ್ಣಿನಲ್ಲಿ ಅಪಚಾರ. ಮನೆ ಯಾರ ಹೆಸರಿನಲ್ಲಿದ್ದರೂ ಹೆಣ್ಣಿಗೆ ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಈ ಕಾಯಿದೆ ಕೊಟ್ಟಿದೆ. ಅತ್ತೆ ಮಾವನ ಹೆಸರಿನಲ್ಲಿರುವ ಮನೆಗೂ ಇದು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. 2016ರ ಇನ್ನೊಂದು ತೀರ್ಪಿನಲ್ಲಿ, ವಯಸ್ಕ ಗಂಡಸರ ಮೇಲೆ ಮಾತ್ರ ದೂರು ಎಂಬ ಮಿತಿಯನ್ನು ಅದು ತೆಗೆದುಹಾಕಿತು. ಈ ಕಾಯಿದೆ ಸೊಸೆಗೆ ಮಾತ್ರವಲ್ಲ, ಮಗನಿಂದ ಏಟು ತಿನ್ನುವ ತಾಯಿಗೂ, ಅಣ್ಣನ ಮನೆಯಲ್ಲಿರುವ ವಿಧವೆ ತಂಗಿಗೂ ಇದೆ. ಅತ್ತೆಯಂದಿರೇ, ಇದು ನಿಮ್ಮದೂ ಹೌದು.

ಗಂಡ ಮತ್ತು ಗಂಡನ ಸಂಬಂಧಿಕರ ಕ್ರೌರ್ಯಕ್ಕೆ 1983ರಲ್ಲಿ ಸೇರಿಸಿದ 498-ಎ ಕಲಂ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ವರದಕ್ಷಿಣೆ ಸಾವಿಗೆ 80ನೇ ಕಲಂ. ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. "ಅತ್ತೆ, ಮಾವ, ನಾದಿನಿ, ಭಾವ ಎಲ್ಲರೂ ಹಿಂಸೆ ಕೊಟ್ಟರು" ಎಂದು ಒಟ್ಟಾಗಿ ಬರೆಸಿದ ದೂರುಗಳನ್ನು ನ್ಯಾಯಾಲಯಗಳು ಒಪ್ಪುತ್ತಿಲ್ಲ. ಯಾರು ಏನು ಮಾಡಿದರು ಎಂಬ ವಿವರವಿಲ್ಲದೆ ಸಂಬಂಧಿಕರನ್ನೆಲ್ಲ ಸೇರಿಸಬಾರದು ಎಂದು ಸುಪ್ರೀಂ ಕೋರ್ಟು 2022ರಲ್ಲೂ 2024ರಲ್ಲೂ ಹೇಳಿದೆ. ಇದರಲ್ಲಿ ನ್ಯಾಯವೂ ಇದೆ. ದೂರದ ಊರಿನಲ್ಲಿರುವ, ಏನೂ ಮಾಡದ ನಾದಿನಿಯೂ ನಮ್ಮ ಹಾಗೆ ಒಬ್ಬ ಹೆಣ್ಣೇ.

ನಮ್ಮ ಹೆಸರುಗಳಲ್ಲಿರುವ ತೊಡಕು ಗೊತ್ತಾಗುವುದು ಇಲ್ಲೇ. 'ಅತ್ತೆ' ಎಂದರೆ ಗಂಡನ ತಾಯಿಯೋ, ಅಪ್ಪನ ತಂಗಿಯೋ? 'ಅತ್ತಿಗೆ' ಎಂದರೆ ಸ್ವಂತ ಅಣ್ಣನ ಹೆಂಡತಿಯೋ, ಗಂಡನ ಅಕ್ಕನೋ? 'ಭಾವ' ಎಂದರೆ ಗಂಡನ ಅಣ್ಣನೋ, ಅಕ್ಕನ ಗಂಡನೋ? ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಪೊಲೀಸ್ ಠಾಣೆಯ ಬರಹಗಾರರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಸಂರಕ್ಷಣಾಧಿಕಾರಿಯ ಮುಂದಾಗಲಿ, ಠಾಣೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಹೇಳಿಕೆ ಕೊಡುವಾಗ ಮೊದಲು ಹೆಸರು ಹೇಳಿ, ಆಮೇಲೆ ಸಂಬಂಧ ಬಿಡಿಸಿ ಹೇಳಿ: "ಇಂಥ ಹೆಸರಿನವರು, ನನ್ನ ಗಂಡನ ತಾಯಿ." ಯಾವ ದಿನ, ಏನು ಕೇಳಿದರು, ಏನು ಮಾಡಿದರು ಎಂದು ಹೇಳಿ. ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುವುದಿಲ್ಲ.

ಸಂಘದವರು ಮಾಡಬಹುದಾದ ಕೆಲಸವೂ ಇದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯನ್ನು 'ಇಂಥವರ ಸೊಸೆ' ಎಂದು ಸೇರಿಸಿಕೊಳ್ಳಬೇಡಿ. ಅವಳ ಹೆಸರು ಕೇಳಿ, ಆ ಹೆಸರಿನಿಂದಲೇ ಕರೆಯಿರಿ. ಸಾಲದ ಅರ್ಜಿಯಲ್ಲಿ 'ಮದುವೆ ಖರ್ಚು', 'ವರೋಪಚಾರ', 'ಉಡುಗೊರೆ' ಎಂದು ಬಂದರೆ ಒಂದು ಗಳಿಗೆ ನಿಂತು ಕೇಳಿ, ಇದು ಯಾರು ಯಾರಿಗೆ ಕೊಡುವ ಹಣ ಎಂದು. ವರದಕ್ಷಿಣೆಗೆ ಬೇರೆ ಹೆಸರಿಟ್ಟರೂ ಅದು ವರದಕ್ಷಿಣೆಯೇ. 1961ರ ಕಾಯಿದೆಯ ಪ್ರಕಾರ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಯಾವ ಹುಡುಗಿಯಾದರೂ ಮೂರು ವಾರ ಸಭೆಗೆ ಬರದಿದ್ದರೆ ಅವಳ ಮನೆಗೆ ಇಬ್ಬರು ಹೋಗಿ ಬನ್ನಿ. ಅತ್ತೆಯ ಎದುರಿಗೆ ಮಾತ್ರ ಮಾತಾಡಿಸಿ ವಾಪಸಾಗಬೇಡಿ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಈ ಕಾಯಿದೆಯ ಸಂರಕ್ಷಣಾಧಿಕಾರಿ. ಅವರ ಕಚೇರಿಯ ವಿಳಾಸವನ್ನೂ ಮಹಿಳಾ ಸಹಾಯವಾಣಿಯ 181 ಸಂಖ್ಯೆಯನ್ನೂ ಉಳಿತಾಯ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಮಾತಾಡಲು ಬಂದರೆ ಕೈಯಲ್ಲಿರುವ ಕೆಲಸ ಬದಿಗಿಡಿ. "ಅಮ್ಮ ಹೊಡೀತಾರೆ" ಎಂದರೆ "ಯಾವ ಅಮ್ಮ?" ಎಂದು ಕೇಳಿ. ನಾನು ಅಂದು ಕೇಳದೆ ಬಿಟ್ಟದ್ದು ಈ ಎರಡು ಶಬ್ದಗಳ ಪ್ರಶ್ನೆಯನ್ನು.

ಈಗ ನನ್ನ ಪಕ್ಕ ಕೂತು ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ. ಇವತ್ತು ಮನೆಗೆ ಹೋಗಿ ಜಗಳ ತೆಗೆಯಬೇಡ ತಾಯಿ. ಒಳ್ಳೆಯ ಮಾತಿನಲ್ಲೇ ಹೇಳು: "ನಂಗೆ ಅಮ್ಮ ಇದಾರೆ. ನೀವು ನನ್ನ ಅತ್ತೆ. ಅತ್ತೆ ಅಂತ ಪ್ರೀತಿಯಿಂದಲೇ ಕರೀತೀನಿ." ಅವರು ಒಪ್ಪಿದರೆ ನಿನ್ನ ಅದೃಷ್ಟ ಎಂದುಕೋ, ಅವರ ದೊಡ್ಡತನ ಎಂದೂ ತಿಳಿದುಕೋ. ಒಪ್ಪದೆ ಎರಡು ದಿನ ಮಾತು ಬಿಟ್ಟರೆ, ಮೂರನೆಯ ದಿನ ಇಲ್ಲಿಗೆ ಬಾ. ಇಲ್ಲಿ ಕೂತಿರುವ ಇಷ್ಟು ಜನರಲ್ಲಿ ಅತ್ತೆಯರೂ ಇದ್ದಾರೆ, ಸೊಸೆಯರೂ ಇದ್ದಾರೆ. ನಿನ್ನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು.